ಪುಟ್ಟ ವಿಮಾನ ಹಾರಿಸೋಕೆ ಯಾವ ಟ್ಯಾಬ್ಲೆಟ್, ಯಾವ ಆ್ಯಪ್?

ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಹಾರಿಸೋದನ್ನು ಕಲಿಯಲು ಹೊರಟ ನಮ್ಮ ಕನ್ನಡದವರು ಸಿಕ್ಕಾಗ ಮೊದಲು ಕೇಳುವುದು, ‘ಯಾವ ಐಪ್ಯಾಡ್ ತಗೊಳ್ಳಲಿ?’ ಅಂತ. ಉತ್ತರ ಹೇಳುವ ಮೊದಲು ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಇನ್‌ಸ್ಟ್ರಕ್ಟರ್ ಯಾವ ಆ್ಯಪ್ ಬಳಸುತ್ತಾರೆ? ನೀವು ಹಾರಿಸುವ ವಿಮಾನದ ಮುಂದಿನ ಉಪಕರಣಗಳ ಪ್ಯಾನೆಲ್‌ನಲ್ಲಿ ಏನೇನಿದೆ? ಇವೆರಡು ಗೊತ್ತಾದರೆ ಆ್ಯಪ್ ತೀರ್ಮಾನವಾಗುತ್ತದೆ. ಆ್ಯಪ್ ತೀರ್ಮಾನವಾದರೆ ಟ್ಯಾಬ್ಲೆಟ್ ಹೆಚ್ಚುಕಮ್ಮಿ ತಾನಾಗಿಯೇ ತೀರ್ಮಾನವಾಗುತ್ತದೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ದೊಡ್ಡ ಸ್ಕ್ರೀನಿನ ಚಂದದ ಟ್ಯಾಬ್ಲೆಟ್ ತಂದಾದ ಮೇಲೆ, ಅದು ಯೋಕ್, ಅಂದರೆ ವಿಮಾನ ತಿರುಗಿಸುವ ಹಿಡಿಕೆ, ಅದರ ಮುಂದೆ ಕೂರೋದೇ ಇಲ್ಲ, ಇಲ್ಲವೇ ಅದರಲ್ಲಿ ಜಿಪಿಎಸ್ಸೇ ಇಲ್ಲ ಅಂತ ಗೊತ್ತಾಗಿ ಪೇಚಾಡುತ್ತಾರೆ.

ಅಂಗಡಿಯಲ್ಲಿ ಟ್ಯಾಬ್ಲೆಟ್ ಕೈಗೆತ್ತಿಕೊಂಡಾಗ ಒಂದು ಸನ್ನಿವೇಶ ಮನಸ್ಸಿನಲ್ಲಿರಲಿ. ಜುಲೈ ಮಧ್ಯಾಹ್ನ. ಸೆಸ್ನಾ 172 ಅನ್ನುವ ಪುಟ್ಟ ವಿಮಾನದ ಒಳಗೆ ಬೆವರು ಸುರಿಯುತ್ತಿದೆ, ಗಾಳಿ ವಿಮಾನವನ್ನು ಎತ್ತಿ ಕುಕ್ಕುತ್ತಿದೆ, ಬಿಸಿಲು ನೇರ ಸ್ಕ್ರೀನ್ ಮೇಲೆ ಬಿದ್ದಿದೆ, ಕಂಟ್ರೋಲ್ ಟವರ್ ರೇಡಿಯೊದಲ್ಲಿ ನಿಮಗೇ ಏನೋ ಹೇಳುತ್ತಿದೆ, ಅಷ್ಟರಲ್ಲಿ ನಿಮಗೆ ಮುಂದಿನ ಏರ್‌ಪೋರ್ಟಿನ ರೇಡಿಯೊ ಫ್ರೀಕ್ವೆನ್ಸಿ ಬೇಕು. ಅದು ಎರಡು ಸೆಕೆಂಡಿನಲ್ಲಿ ಕಾಣಬೇಕು. ನೀವು ಕೊಳ್ಳುತ್ತಿರುವುದು ಆ ಗಳಿಗೆಗೆ.

ಈ ಟ್ಯಾಬ್ಲೆಟ್ ನಿಜಕ್ಕೂ ಏನು ಮಾಡುತ್ತದೆ ಅಂತ ಮೊದಲು ನೋಡೋಣ. ಹಿಂದೆ ಪೈಲಟ್‌ಗಳು ಒಂದು ಚೀಲದ ತುಂಬ ಕಾಗದ ಹೊತ್ತು ತಿರುಗುತ್ತಿದ್ದರು. ಅದರಲ್ಲಿ ಮುಖ್ಯವಾದದ್ದು ಸೆಕ್ಷನಲ್ ಚಾರ್ಟ್. ಕಣ್ಣಿನಿಂದ ನೋಡಿ ಹಾರುವವರಿಗಾಗಿ 1:5,00,000 ಅಳತೆಯಲ್ಲಿ ಮಾಡಿದ ದೊಡ್ಡ ನಕ್ಷೆ ಅದು. ಬೆಟ್ಟ, ಕೆರೆ, ಹೈವೇ, ಟವರ್ ಕಂಬ, ಏರ್‌ಪೋರ್ಟ್, ಯಾವ ಆಕಾಶಕ್ಕೆ ಯಾರ ಅನುಮತಿ ಬೇಕು ಅನ್ನುವ ಗೆರೆಗಳು, ಎಲ್ಲ ಅದರಲ್ಲೇ. ಇದರ ಜೊತೆಗೆ ಏರ್‌ಪೋರ್ಟ್‌ಗಳ ವಿವರದ ಪುಸ್ತಕ, ಹವಾಮಾನದ ಟಿಪ್ಪಣಿ, ಗಾಳಿ ಲೆಕ್ಕ ಹಾಕುವ ಚಕ್ರ. ಈಗ ಇದಿಷ್ಟೂ ಒಂದೇ ಆ್ಯಪಿನೊಳಗೆ ಇದೆ, ಮೇಲಾಗಿ ನಕ್ಷೆಯ ಮೇಲೆ ನಿಮ್ಮದೇ ವಿಮಾನದ ಗುರುತು ಚಲಿಸುತ್ತಾ ಹೋಗುತ್ತದೆ.

ಕಾಗದದ ದೊಡ್ಡ ತಲೆನೋವು ಅಂದರೆ ಅದು ಹಳತಾಗುತ್ತಿತ್ತು. ಸೆಕ್ಷನಲ್ ಚಾರ್ಟ್ ಮೊದಲು ಆರು ತಿಂಗಳಿಗೊಮ್ಮೆ ಹೊಸದಾಗುತ್ತಿತ್ತು, 2021ರಿಂದ 56 ದಿನಕ್ಕೊಮ್ಮೆ ಹೊಸದು ಬರುತ್ತದೆ. ಆ್ಯಪಿನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು. ಇನ್ನೊಂದು ವಿಷಯ, ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಈ ಡಿಜಿಟಲ್ ಚಾರ್ಟ್‌ಗಳನ್ನು ಉಚಿತವಾಗಿಯೇ ಕೊಡುತ್ತದೆ. ಹಾಗಾಗಿಯೇ ಇಲ್ಲಿ ಇಷ್ಟೊಂದು ಆ್ಯಪ್‌ಗಳಿವೆ, ಪೂರ್ತಿ ಉಚಿತ ಆ್ಯಪ್‌ಗಳೂ ಇವೆ. ದುಡ್ಡು ಕೊಡುವುದು ನಕ್ಷೆಗಲ್ಲ, ಅದನ್ನು ಎಷ್ಟು ಸಲೀಸಾಗಿ ಕೈಗೆ ಸಿಗುವ ಹಾಗೆ ಜೋಡಿಸಿದ್ದಾರೆ ಅನ್ನುವುದಕ್ಕೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸ್ವಂತಕ್ಕೆ, ಕಲಿಯಲಿಕ್ಕೆ ಹಾರುವವರು ಕಾಗದದ ಬದಲು ಟ್ಯಾಬ್ಲೆಟ್ ಬಳಸಲು ಎಫ್‌ಎಎ ಹತ್ತಿರ ವಿಶೇಷ ಅನುಮತಿ ತಗೊಳ್ಳಬೇಕಿಲ್ಲ. ಆದರೆ ಅದರಲ್ಲಿರುವ ಮಾಹಿತಿ ಹಳತಾಗಿರಬಾರದು, ಹಾರುವ ಮೊದಲು ಆ ಹಾರಾಟಕ್ಕೆ ಬೇಕಾದ ಎಲ್ಲ ಮಾಹಿತಿ ತಿಳಿದುಕೊಂಡಿರಬೇಕು. ಆ ಜವಾಬ್ದಾರಿ ಪೈಲಟ್‌ದೇ, ಆ್ಯಪ್ ಕಂಪನಿಯದ್ದಲ್ಲ.

ಈಗ ಆ್ಯಪ್ ವಿಷಯಕ್ಕೆ ಬರೋಣ. ಅಮೆರಿಕದ ಸಣ್ಣ ಏರ್‌ಪೋರ್ಟ್‌ಗಳಲ್ಲಿ ನಿಂತು ಸುಮ್ನೆ ಅತ್ತಿತ್ತ ನೋಡಿದರೂ ಸಾಕು, ಹೆಚ್ಚಿನವರ ತೊಡೆಯ ಮೇಲೆ ಕಾಣುವುದು ಫೋರ್‌ಫ್ಲೈಟ್. 2007ರಲ್ಲಿ ಶುರುವಾದ ಕಂಪನಿ, 2019ರಲ್ಲಿ ಬೋಯಿಂಗ್ ಕೊಂಡುಕೊಂಡಿತು, 2025ರಲ್ಲಿ ಬೋಯಿಂಗ್ ಅದನ್ನು ಥೋಮಾ ಬ್ರಾವೊ ಅನ್ನುವ ಹೂಡಿಕೆ ಸಂಸ್ಥೆಗೆ ಮಾರಿತು. ಕಾಕ್‌ಪಿಟ್‌ನಲ್ಲಿ ಇದು ಓಡುವುದು ಐಪ್ಯಾಡ್ ಮತ್ತು ಐಫೋನ್‌ನಲ್ಲಿ ಮಾತ್ರ. ಆಂಡ್ರಾಯ್ಡ್‌ಗೆ ಇಲ್ಲವೇ ಇಲ್ಲ. ಹಾಗಾಗಿ ನಿಮ್ಮ ಇನ್‌ಸ್ಟ್ರಕ್ಟರ್ ಫೋರ್‌ಫ್ಲೈಟ್ ಬಳಸುತ್ತಿದ್ದರೆ, ನೀವೂ ಅದನ್ನೇ ಕಲಿಯಬೇಕು ಅಂತಿದ್ದರೆ, ಯಾವ ಕಂಪನಿಯ ಟ್ಯಾಬ್ಲೆಟ್ ಅನ್ನುವ ಚರ್ಚೆ ಅಲ್ಲಿಗೇ ಮುಗಿಯಿತು.

ಗಾರ್ಮಿನ್ ಪೈಲಟ್ ಐಪ್ಯಾಡ್‌ನಲ್ಲೂ ಓಡುತ್ತದೆ, ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಪ್ಯಾನೆಲ್‌ನಲ್ಲಿ ಗಾರ್ಮಿನ್ ಉಪಕರಣಗಳಿದ್ದರೆ ಇದರ ಬಟನ್‌ಗಳೂ ಮೆನುಗಳೂ ಅದೇ ರೀತಿ ಇರುವುದರಿಂದ ಒಂದು ಕಲಿತರೆ ಇನ್ನೊಂದು ಅರ್ಧ ಬಂದ ಹಾಗೆ. ಐಫ್ಲೈ ಅನ್ನುವುದೂ ಎರಡೂ ಕಡೆ ಓಡುತ್ತದೆ. ದುಡ್ಡೇ ಕೊಡಬಾರದು ಅಂತಿದ್ದರೆ ಅವೇರ್ ಇದೆ. ಪೈಲಟ್‌ಗಳೇ ಸೇರಿ ಮಾಡಿದ ಉಚಿತ, ಓಪನ್ ಸೋರ್ಸ್ ಆ್ಯಪ್ ಅದು. ನೋಡಲು ಅಷ್ಟು ನಾಜೂಕಿಲ್ಲ, ಆದರೆ ಚಾರ್ಟ್ ತೋರಿಸುತ್ತದೆ, ದಾರಿ ತೋರಿಸುತ್ತದೆ, ಹಳೆಯ ಆಂಡ್ರಾಯ್ಡ್ ಟ್ಯಾಬ್ಲೆಟ್ ಮೇಲೂ ಓಡುತ್ತದೆ. ಬಿಡುವಿನ ವೇಳೆಯಲ್ಲಿ ಇಂಥದ್ದನ್ನು ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟವರ ಬಗ್ಗೆ ನನಗೆ ತುಂಬ ಗೌರವವಿದೆ. ಬ್ರಿಟನ್, ಯುರೋಪಿನಲ್ಲಿರುವ ಓದುಗರಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಎಲ್ಲರ ಬಾಯಲ್ಲೂ ಸ್ಕೈಡೀಮನ್. ಆಸ್ಟ್ರೇಲಿಯಾದಲ್ಲಾದರೆ ಓಝ್‌ರನ್‌ವೇಸ್ ಮತ್ತು ಆ್ಯವ್‌ಪ್ಲ್ಯಾನ್. ಎಲ್ಲಿ ಹಾರುತ್ತೀರೋ ಅಲ್ಲಿನ ನಕ್ಷೆಯನ್ನು ಚೆನ್ನಾಗಿ ತೋರಿಸುವ ಆ್ಯಪೇ ನಿಮಗೆ ಸರಿಯಾದ ಆ್ಯಪ್.

ನನ್ನ ಮಾತು ಕೇಳುವುದಾದರೆ, ಕಲಿಯುವ ಕಾಲದಲ್ಲಿ ಇನ್‌ಸ್ಟ್ರಕ್ಟರ್ ಬಳಸುವ ಆ್ಯಪನ್ನೇ ಬಳಸಿ. ಯಾವ ಆ್ಯಪ್ ಶ್ರೇಷ್ಠ ಅನ್ನುವ ವಾದಕ್ಕೆ ಕೊನೆಯಿಲ್ಲ. ಆದರೆ ಮೂರು ಸಾವಿರ ಅಡಿ ಮೇಲೆ ‘ಆ ಲೇಯರ್ ಆಫ್ ಮಾಡು, ಇದನ್ನು ಒತ್ತು’ ಅಂತ ಪಕ್ಕದ ಸೀಟಿನಿಂದ ತಕ್ಷಣ ಹೇಳಿಕೊಡುವವರು ಇದ್ದಾರಲ್ಲ, ಅದಕ್ಕಿಂತ ದೊಡ್ಡ ಅನುಕೂಲ ಯಾವ ಆ್ಯಪೂ ಕೊಡೋದಿಲ್ಲ. ಫೋರ್‌ಫ್ಲೈಟ್, ಗಾರ್ಮಿನ್ ಪೈಲಟ್ ಎರಡನ್ನೂ ಕೊಳ್ಳುವ ಮೊದಲು ಕೆಲವು ದಿನ ಉಚಿತವಾಗಿ ಬಳಸಿ ನೋಡಬಹುದು. ಆಮೇಲೆ ವರ್ಷದ ಚಂದಾ. ಅದರಲ್ಲೂ ಬೇರೆ ಬೇರೆ ಹಂತಗಳಿರುತ್ತವೆ, ಮೇಲಿನ ಹಂತದ ಬೆಲೆ ಕೆಳಗಿನದಕ್ಕಿಂತ ತುಂಬ ಜಾಸ್ತಿ. ಹಗಲು ಹೊತ್ತು, ಒಳ್ಳೆ ಹವೆಯಲ್ಲಿ, ಕಣ್ಣಿನಿಂದ ನೋಡಿ ಹಾರುವವರಿಗೆ ಎಲ್ಲಕ್ಕಿಂತ ಕೆಳಗಿನ ಹಂತ ಸಾಕು. ಮೋಡದೊಳಗೆ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಹೊರಟಾಗ ಮೇಲಿನ ಹಂತ ನೋಡಿದರಾಯಿತು.

ಟ್ಯಾಬ್ಲೆಟ್ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಂಗಡಿಯ ಬೋರ್ಡಿನಲ್ಲಿ ಎದ್ದು ಕಾಣೋದಿಲ್ಲ. ಐಪ್ಯಾಡ್‌ನಲ್ಲಿ ಎರಡು ಬಗೆ ಇದೆ. ಒಂದು ಬರೀ ವೈಫೈ, ಇನ್ನೊಂದು ವೈಫೈ ಜೊತೆಗೆ ಸೆಲ್ಯುಲರ್. ಸೆಲ್ಯುಲರ್ ಅಂದರೆ ಸಿಮ್ ಹಾಕಿ ಇಂಟರ್ನೆಟ್ ನೋಡೋಕೆ ಅಷ್ಟೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಉಪಗ್ರಹದಿಂದ ನಿಮ್ಮ ಜಾಗ ಪತ್ತೆ ಮಾಡುವ ಜಿಪಿಎಸ್ ಚಿಪ್ ಇರುವುದೂ ಸೆಲ್ಯುಲರ್ ಮಾಡೆಲ್‌ನಲ್ಲಿ ಮಾತ್ರ. ಬರೀ ವೈಫೈ ಐಪ್ಯಾಡ್ ಸುತ್ತಮುತ್ತಲ ವೈಫೈಗಳನ್ನು ನೋಡಿ ತಾನೆಲ್ಲಿದ್ದೇನೆ ಅಂತ ಊಹೆ ಮಾಡುತ್ತದೆ. ಮನೆಯಲ್ಲಿ ಕೂತು ನೋಡಿದರೆ ಸರಿಯಾಗಿಯೇ ತೋರಿಸುತ್ತದೆ, ಹಾಗಾಗಿ ಅನುಮಾನ ಬರೋದಿಲ್ಲ. ಮೇಲೆ ಹೋದ ಮೇಲೆ ಯಾವ ವೈಫೈ ಇರುತ್ತೆ? ನಕ್ಷೆ ಮೇಲಿನ ವಿಮಾನ ಮಾಯ. ಸೆಲ್ಯುಲರ್ ಮಾಡೆಲ್‌ಗೆ ಸುಮಾರು 150 ಡಾಲರ್ ಜಾಸ್ತಿ ಆಗುತ್ತದೆ. ಸಿಮ್ ಹಾಕಲೇಬೇಕು ಅಂತಿಲ್ಲ, ತಿಂಗಳ ಪ್ಲ್ಯಾನ್ ಬೇಕಿಲ್ಲ, ಚಿಪ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲಿಟ್ಟರೂ ಮಾಡುತ್ತದೆ. ಹಳೆಯ ಐಪ್ಯಾಡ್ ಕೊಳ್ಳುವಾಗಲೂ ಇದನ್ನೇ ಮೊದಲು ನೋಡಿ.

ಈಗಾಗಲೇ ಮನೆಯಲ್ಲಿ ವೈಫೈ ಐಪ್ಯಾಡ್ ಇದ್ದರೆ ಎಸೆಯಬೇಕಿಲ್ಲ. ಹೊರಗಿನಿಂದ ಜಿಪಿಎಸ್ ಕೊಡುವ ಪುಟ್ಟ ಪೆಟ್ಟಿಗೆಗಳಿವೆ. ಗಾರ್ಮಿನ್ ಗ್ಲೋ, ಬ್ಯಾಡ್ ಎಲ್ಫ್ ಅಂಥವು ಬ್ಲೂಟೂತ್‌ನಲ್ಲಿ ಜೋಡಿಸಿಕೊಳ್ಳುತ್ತವೆ. ಆದರೆ ಇನ್ನೊಂದು ಬ್ಯಾಟರಿ, ಇನ್ನೊಂದು ಚಾರ್ಜರ್, ಕೆಡಬಹುದಾದ ಇನ್ನೊಂದು ವಸ್ತು ಅಂತ ನೆನಪಿರಲಿ. ಹೊಸದಾಗಿ ಕೊಳ್ಳುವವರು ಸೆಲ್ಯುಲರ್ ಮಾಡೆಲ್ ಕೊಳ್ಳುವುದೇ ವಾಸಿ. ಆಂಡ್ರಾಯ್ಡ್‌ನಲ್ಲಿ ಈ ಕಷ್ಟ ಕಮ್ಮಿ, ಸ್ಯಾಮ್‌ಸಂಗ್‌ನ ಹಲವು ವೈಫೈ ಟ್ಯಾಬ್ಲೆಟ್‌ಗಳಲ್ಲೂ ಜಿಪಿಎಸ್ ಇರುತ್ತದೆ. ಆದರೂ ಮಾಡೆಲ್ ನೋಡಿ ಖಚಿತ ಮಾಡಿಕೊಳ್ಳಿ.

ಇನ್ನು ಅಳತೆ. ಸೆಸ್ನಾ 152, 172ರ ಕಾಕ್‌ಪಿಟ್ ಎಷ್ಟು ಇಕ್ಕಟ್ಟು ಅಂತ ಒಮ್ಮೆ ಒಳಗೆ ಕೂತವರಿಗೆ ಗೊತ್ತು. ಐಪ್ಯಾಡ್ ಮಿನಿ 8.3 ಇಂಚು, 300 ಗ್ರಾಂ ಆಸುಪಾಸು. ಯೋಕ್ ಮೇಲೆ ಕೂರುತ್ತದೆ, ತೊಡೆಯ ಮೇಲೆ ಕಟ್ಟಿಕೊಂಡರೂ ಯೋಕ್ ತಿರುಗಿಸಲು ಅಡ್ಡ ಬರೋದಿಲ್ಲ. 11 ಇಂಚಿನದು ನಕ್ಷೆಗೆ ಬಹಳ ಚಂದ, ಆದರೆ ಯೋಕ್ ಮೇಲೆ ಹಾಕಿದರೆ ಅದರ ಹಿಂದಿನ ಗೇಜುಗಳೇ ಮುಚ್ಚಿಹೋಗುತ್ತವೆ. 13 ಇಂಚಿನದಂತೂ ಪುಟ್ಟ ವಿಮಾನಕ್ಕೆ ಬೇಡವೇ ಬೇಡ. ನನ್ನ ಆಯ್ಕೆ ಮಿನಿ. ಚಾಳೀಸು ಬಂದು ಚಿಕ್ಕ ಅಕ್ಷರ ಓದಲು ಕಷ್ಟಪಡುವವರು ಮಾತ್ರ 11 ಇಂಚಿನ ಕಡೆ ನೋಡಲಿ, ಆದರೆ ಅದನ್ನು ಯೋಕ್ ಮೇಲೆ ಹಾಕದೆ ತೊಡೆಯ ಮೇಲೆ ಇಟ್ಟುಕೊಳ್ಳಲಿ.

ಸ್ಕ್ರೀನಿನ ಹೊಳಪಿನ ವಿಷಯದಲ್ಲೂ ಮಿನಿ ಪರವಾಗಿ ಒಂದು ಮಾತಿದೆ. ಕಡಿಮೆ ಬೆಲೆಯ ಸಾದಾ ಐಪ್ಯಾಡ್‌ನಲ್ಲಿ ಮೇಲಿನ ಗಾಜಿಗೂ ಒಳಗಿನ ಸ್ಕ್ರೀನಿಗೂ ನಡುವೆ ಸಣ್ಣ ಸಂದು ಇರುತ್ತದೆ, ಪ್ರತಿಫಲನ ತಡೆಯುವ ಲೇಪನವೂ ಇರುವುದಿಲ್ಲ. ಬಿಸಿಲಿನಲ್ಲಿ ನಕ್ಷೆಗಿಂತ ನಿಮ್ಮ ಬಿಳಿ ಶರ್ಟೇ ಚೆನ್ನಾಗಿ ಕಾಣುತ್ತದೆ. ಮಿನಿ ಮತ್ತು ಏರ್ ಮಾಡೆಲ್‌ಗಳಲ್ಲಿ ಆ ಸಂದು ಇಲ್ಲ, ಲೇಪನ ಇದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಒಮ್ಮೆ ಟ್ಯಾಬ್ಲೆಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿ, ಕೆಲವು ಕೋನದಲ್ಲಿ ಸ್ಕ್ರೀನ್ ಕಪ್ಪಾಗುತ್ತದೆ. ಪೈಲಟ್‌ಗಳಿಗೆ ಸಾದಾ ತಂಪು ಕನ್ನಡಕವೇ ಒಳ್ಳೆಯದು.

ಈಗ ಬಿಸಿಯ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಕ್ಯಾಲಿಫೋರ್ನಿಯಾ, ಅರಿಜೋನಾ, ಟೆಕ್ಸಾಸ್ ಕಡೆ ಟ್ಯಾಬ್ಲೆಟ್ ಕೈಕೊಡುವುದು ಇದರಿಂದಲೇ ಹೆಚ್ಚು. ಸುತ್ತಲಿನ ಗಾಳಿ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದಾಗ ಬಳಸಿ ಅಂತ ಆ್ಯಪಲ್ ಹೇಳುತ್ತದೆ. ಬಿಸಿಲಲ್ಲಿ ನಿಂತ ವಿಮಾನದ ಒಳಗೆ 35 ಡಿಗ್ರಿ ಅನ್ನುವುದು ಲೆಕ್ಕಕ್ಕೇ ಇಲ್ಲ. ಬಿಸಿಯಾಗುತ್ತಾ ಹೋದ ಹಾಗೆ ಐಪ್ಯಾಡ್ ಮೊದಲು ಸ್ಕ್ರೀನಿನ ಬೆಳಕು ತಾನೇ ಕಮ್ಮಿ ಮಾಡುತ್ತದೆ, ನೀವು ಎಷ್ಟೇ ಜಾಸ್ತಿ ಮಾಡಿದರೂ ಏರೋದಿಲ್ಲ. ಆಮೇಲೆ ಚಾರ್ಜ್ ಆಗುವುದು ನಿಲ್ಲುತ್ತದೆ. ಕೊನೆಗೆ ನಕ್ಷೆ ಹೋಗಿ ಕಪ್ಪು ಸ್ಕ್ರೀನ್ ಬರುತ್ತದೆ, ತಣ್ಣಗಾಗುವ ತನಕ ಬಳಸುವ ಹಾಗಿಲ್ಲ ಅನ್ನುವ ಸೂಚನೆ ಇರುತ್ತದೆ. ಅಷ್ಟು ಹೊತ್ತು ಅದು ಬರೀ ಗಾಜಿನ ಹಲಗೆ.

ತಡೆಯಲು ಏನು ಮಾಡಬಹುದು? ಕಾರಿನಲ್ಲಿ ಬಿಟ್ಟು ಹೋಗಬೇಡಿ. ಹಾರುವ ಮೊದಲು ವಿಮಾನ ಪರೀಕ್ಷೆ ಮಾಡುವಾಗ ಟ್ಯಾಬ್ಲೆಟ್ಟನ್ನು ಗಾಜಿನ ಕೆಳಗೆ ಇಡುವ ಬದಲು ಚೀಲದ ಒಳಗೆ, ನೆರಳಿನಲ್ಲಿ ಇಡಿ. ಮಕ್ಕಳು ಬೀಳಿಸಿದರೂ ಒಡೆಯಬಾರದು ಅಂತ ಹಾಕುವ ದಪ್ಪ ರಬ್ಬರ್ ಕವರ್ ಹಾರುವಾಗ ತೆಗೆದುಬಿಡಿ, ಅದು ಬಿಸಿಯನ್ನು ಹೊರಗೆ ಹೋಗಲು ಬಿಡೋದಿಲ್ಲ. ಬಿಸಿಲು ಬೀಳುತ್ತಿರುವಾಗಲೇ ಚಾರ್ಜಿಗೂ ಹಾಕಿದರೆ ಎರಡು ಕಡೆಯಿಂದ ಬಿಸಿ ಏರುತ್ತದೆ, ಆದ್ದರಿಂದ ಮನೆಯಿಂದಲೇ ಪೂರ್ತಿ ಚಾರ್ಜ್ ಮಾಡಿ ತನ್ನಿ. ಕಿಟಕಿಗಾಜಿಗೆ ಅಂಟಿಸುವ ಹೋಲ್ಡರ್‌ಗಿಂತ ಕೆಳಗಡೆ, ಗಾಳಿ ಬರುವ ಕಡೆ ಇದ್ದರೆ ವಾಸಿ. ಹಿಂದೆ ಫ್ಯಾನ್ ಇರುವ ಹೋಲ್ಡರ್‌ಗಳೂ ಸಿಗುತ್ತವೆ. ಫೀನಿಕ್ಸ್, ಫ್ರೆಸ್ನೊ ಕಡೆ ಹಾರುವವರಿಗೆ ಅದಕ್ಕೆ ಕೊಟ್ಟ ದುಡ್ಡು ದಂಡ ಆಗೋದಿಲ್ಲ.

ಎಲ್ಲಿ ಕೂರಿಸಬೇಕು ಅನ್ನುವುದೂ ಟ್ಯಾಬ್ಲೆಟ್‌ನಷ್ಟೇ ಮುಖ್ಯ. ಕೂರಿಸಿದ ಮೇಲೆ ಎಂಜಿನ್ ಶುರು ಮಾಡುವ ಮೊದಲು ಯೋಕನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಪೂರ್ತಿ ಹಿಂದಕ್ಕೆ ಎಳೆದು ನೋಡಿ. ತೊಡೆಗೋ ಹೊಟ್ಟೆಗೋ ವೈರಿಗೋ ಒಂಚೂರು ತಾಗಿದರೂ ಅದು ಸರಿಯಾದ ಜಾಗವಲ್ಲ. ಲ್ಯಾಂಡಿಂಗ್‌ನಲ್ಲಿ ಯೋಕನ್ನು ಕೊನೆತನಕ ಎಳೆಯಬೇಕಾದಾಗ ಟ್ಯಾಬ್ಲೆಟ್ ಅಡ್ಡ ಬಂದರೆ ಆಗ ಯೋಚಿಸಲು ಸಮಯ ಇರೋದಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ, ನಿಮಗೇ ಆಶ್ಚರ್ಯವಾಗುತ್ತದೆ. ಐಪ್ಯಾಡ್ ಕವರ್‌ಗಳಲ್ಲಿ ಮ್ಯಾಗ್ನೆಟ್ ಇರುತ್ತದೆ, ಐಪ್ಯಾಡ್ ಒಳಗೂ ಇರುತ್ತದೆ. ನಿಂತ ವಿಮಾನದಲ್ಲಿ ಕೂತು ಕವರನ್ನು ಮೆಲ್ಲಗೆ ಮೇಲಿನ ಕಂಪಾಸ್ ಹತ್ತಿರ ತನ್ನಿ. ದ್ರವದಲ್ಲಿ ತೇಲುತ್ತಿರುವ ಆ ಅಂಕಿಗಳ ಪಟ್ಟಿ ನಿಧಾನವಾಗಿ ತಿರುಗುತ್ತಾ ಹೋಗುತ್ತದೆ, ವಿಮಾನ ಇದ್ದಲ್ಲೇ ಇದೆ, ಉತ್ತರ ಮಾತ್ರ ಬೇರೆ ಕಡೆ. ಟ್ಯಾಬ್ಲೆಟ್ ಕೆಟ್ಟಾಗ ದಿಕ್ಕು ಹೇಳಲು ಉಳಿಯುವ ಉಪಕರಣವನ್ನು ಟ್ಯಾಬ್ಲೆಟ್ಟೇ ಹಾಳು ಮಾಡಬಾರದು, ಅಲ್ವಾ? ಹಾಗಾಗಿ ವಿಂಡ್‌ಸ್ಕ್ರೀನಿನ ನಡುವೆ, ಕಂಪಾಸ್ ಪಕ್ಕ ಹೋಲ್ಡರ್ ಅಂಟಿಸಬೇಡಿ.

ಚಾರ್ಜರ್ ಬಗ್ಗೆಯೂ ಒಂದು ಎಚ್ಚರಿಕೆ. ಎಲ್ಲ ವಿಮಾನದ ಸಾಕೆಟ್ ಕಾರಿನ ಹಾಗೆ 12 ವೋಲ್ಟ್ ಅಂದುಕೊಳ್ಳಬೇಡಿ. ಹೊಸ 172ಗಳ ವಿದ್ಯುತ್ ವ್ಯವಸ್ಥೆ 28 ವೋಲ್ಟ್. ಕಾರಿಗೆ ಅಂತ ತಂದ ಅಗ್ಗದ ಚಾರ್ಜರ್ ಅದನ್ನು ತಡೆಯದೆ ಸುಟ್ಟುಹೋಗಬಹುದು. ಎಷ್ಟು ವೋಲ್ಟ್ ತನಕ ತಡೆಯುತ್ತೆ ಅಂತ ಅದರ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ. ಕೆಲವು ಚಾರ್ಜರ್‌ಗಳು ರೇಡಿಯೊದಲ್ಲಿ ಗರಗರ ಸದ್ದು ಎಬ್ಬಿಸುತ್ತವೆ. ಅಂಥದ್ದನ್ನು ಎಳೆದು ಪಕ್ಕಕ್ಕಿಡಿ. ಸಾದಾ ಪವರ್ ಬ್ಯಾಂಕ್ ಒಂದಿದ್ದರೆ ಇದ್ಯಾವ ತಾಪತ್ರಯವೂ ಇಲ್ಲ.

ಇನ್ನು ಎಡಿಎಸ್‌-ಬಿ ರಿಸೀವರ್. ಹೊಸಬರಿಗೆ ಎಲ್ಲಕ್ಕಿಂತ ಗೊಂದಲ ಇಲ್ಲೇ. ಅಮೆರಿಕದಲ್ಲಿ 2020ರ ಜನವರಿಯಿಂದ ದೊಡ್ಡ ಏರ್‌ಪೋರ್ಟ್‌ಗಳ ಸುತ್ತಮುತ್ತ, ಮತ್ತೆ ಹತ್ತು ಸಾವಿರ ಅಡಿ ಮೇಲೆ ಹಾರುವ ವಿಮಾನಗಳು ತಾವೆಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಅಂತ ರೇಡಿಯೊದಲ್ಲಿ ಸಾರುತ್ತಲೇ ಇರಬೇಕು, ಈ ವ್ಯವಸ್ಥೆಯ ಹೆಸರೇ ಎಡಿಎಸ್‌-ಬಿ. ಅದರ ಜೊತೆಗೆ ನೆಲದ ಮೇಲಿನ ಎಫ್‌ಎಎ ಟವರ್‌ಗಳು ಹವಾಮಾನ, ಮಳೆಯ ರೇಡಾರ್ ಚಿತ್ರ, ತಾತ್ಕಾಲಿಕವಾಗಿ ಮುಚ್ಚಿದ ಆಕಾಶದ ವಿವರ, ಇದನ್ನೆಲ್ಲ ಉಚಿತವಾಗಿ ಬಿತ್ತರಿಸುತ್ತವೆ. ಇದೆಲ್ಲವನ್ನೂ ಹಿಡಿದು ವೈಫೈ ಇಲ್ಲವೇ ಬ್ಲೂಟೂತ್ ಮೂಲಕ ನಿಮ್ಮ ಆ್ಯಪಿಗೆ ಕೊಡುವ ಪುಟ್ಟ ಪೆಟ್ಟಿಗೆಯೇ ರಿಸೀವರ್. ಸೆಂಟ್ರಿ, ಸ್ಟ್ರೇಟಸ್, ಗಾರ್ಮಿನ್ ಜಿಡಿಎಲ್ 50 ಇವು ಹೆಸರುವಾಸಿ. ಕೈಕೆಲಸ ಬಲ್ಲ ಎಂಜಿನಿಯರ್‌ಗಳು ರಾಸ್ಪ್‌ಬೆರಿ ಪೈ ಮೇಲೆ ತಾವೇ ಕಟ್ಟಿಕೊಳ್ಳುವ ಸ್ಟ್ರಾಟಕ್ಸ್ ಕೂಡ ಇದೆ, ಬೆಂಗಳೂರಿಂದ ಬಂದ ಸಾಫ್ಟ್‌ವೇರ್‌ನವರಿಗೆ ಒಳ್ಳೆ ವಾರಾಂತ್ಯದ ಕೆಲಸ.

ಕೊಳ್ಳುವ ಮೊದಲು ಅದು ಯಾವ ಆ್ಯಪ್ ಜೊತೆ ಮಾತಾಡುತ್ತೆ ಅಂತ ನೋಡಿ. ಸೆಂಟ್ರಿ ತುಂಬ ಒಳ್ಳೆಯ ವಸ್ತು, ಎಂಜಿನ್ ಹೊಗೆಯ ಕೊಳವೆ ಸೋರಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ಒಳಗೆ ಬಂದರೆ ಎಚ್ಚರಿಸುವ ಸೆನ್ಸರ್ ಕೂಡ ಅದರಲ್ಲಿದೆ. ಆದರೆ ಅದನ್ನು ಫೋರ್‌ಫ್ಲೈಟ್‌ಗೆಂದೇ ಮಾಡಿದ್ದಾರೆ. ನಾಳೆ ಆ್ಯಪ್ ಬದಲಾಯಿಸಿದರೆ ಪೆಟ್ಟಿಗೆಯೂ ಬದಲಾಗಬೇಕು. ಕಂಪನಿಗಳು ಕೈ ಬದಲಾಗುತ್ತಿರುವ ಈ ಹೊತ್ತಿನಲ್ಲಿ ಎರಡು ಮೂರು ಆ್ಯಪ್ ಜೊತೆ ಹೊಂದುವ ರಿಸೀವರ್ ಕೊಳ್ಳುವುದು ಜಾಣತನ ಅಂತ ನನ್ನ ಅನಿಸಿಕೆ.

ಈ ಪೆಟ್ಟಿಗೆ ಕೊಡುವ ಚಿತ್ರವನ್ನು ಎಷ್ಟು ನಂಬಬೇಕು ಅನ್ನುವುದು ಜೀವದ ಪ್ರಶ್ನೆ. ಸ್ಕ್ರೀನ್ ಮೇಲೆ ಕೆಂಪು ಹಳದಿ ಬಣ್ಣದಲ್ಲಿ ಮಳೆ ಕಾಣುತ್ತದೆ, ಪಕ್ಕದಲ್ಲಿ ಎಷ್ಟು ನಿಮಿಷ ಹಳೆಯದು ಅಂತಲೂ ಬರೆದಿರುತ್ತದೆ. ಆ ನಿಮಿಷದ ಲೆಕ್ಕ ಶುರುವಾಗುವುದು ದೇಶದ ಹಲವು ರೇಡಾರ್‌ಗಳ ಚಿತ್ರಗಳನ್ನು ಒಟ್ಟು ಹೊಲಿದು ಒಂದು ಮಾಡಿದ ಹೊತ್ತಿನಿಂದ. ರೇಡಾರ್ ನಿಜವಾಗಿ ಆ ಮೋಡ ನೋಡಿದ್ದು ಅದಕ್ಕೂ ಮೊದಲು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಚಿತ್ರ ಅದರ ಮೇಲೆ ಬರೆದಿರುವುದಕ್ಕಿಂತ 15ರಿಂದ 20 ನಿಮಿಷ ಹಳೆಯದಿರಬಹುದು ಅಂತ. 30 ನಾಟ್, ಅಂದರೆ ಗಂಟೆಗೆ 30 ನಾಟಿಕಲ್ ಮೈಲಿ ವೇಗದಲ್ಲಿ ಸರಿಯುವ ಗುಡುಗು ಮೋಡ 15 ನಿಮಿಷದಲ್ಲಿ ಏಳೂವರೆ ನಾಟಿಕಲ್ ಮೈಲಿ ಮುಂದೆ ಹೋಗಿರುತ್ತದೆ. ಸ್ಕ್ರೀನಿನಲ್ಲಿ ಎರಡು ಮೋಡಗಳ ನಡುವೆ ಕಾಣುವ ಸಂದು ನೀವು ಅಲ್ಲಿ ತಲುಪುವ ಹೊತ್ತಿಗೆ ಇರೋದೇ ಇಲ್ಲ. ಗುಡುಗು ಮೋಡವನ್ನು ದೂರದಿಂದ ಸುತ್ತಿಕೊಂಡು ಹೋಗಲು, ಇಲ್ಲವೇ ವಾಪಸ್ ಹೋಗಲು ಈ ಚಿತ್ರ ಬಹಳ ಸಹಾಯ. ತೀವ್ರವಾದ ಗುಡುಗು ಮೋಡದಿಂದ ಕನಿಷ್ಠ 20 ಮೈಲಿ ದೂರ ಇರಿ ಅಂತ ಎಫ್‌ಎಎ ಹೇಳುವುದು ಸುಮ್ನೆ ಅಲ್ಲ.

ಬೇರೆ ವಿಮಾನಗಳ ಗುರುತಿನ ವಿಷಯವೂ ಹೀಗೆಯೇ. ನೆಲದ ಟವರ್‌ಗಳು ರೇಡಾರ್‌ನಲ್ಲಿ ಕಂಡ ವಿಮಾನಗಳ ವಿವರ ಕಳಿಸುವುದು, ತನ್ನ ಜಾಗ ಸಾರುವ ವಿಮಾನಕ್ಕೆ, ಅದರ ಸುತ್ತ 15 ನಾಟಿಕಲ್ ಮೈಲಿ, ಮೇಲೆ ಕೆಳಗೆ 3,500 ಅಡಿಯೊಳಗಿನವುಗಳ ಬಗ್ಗೆ ಮಾತ್ರ. ಉಪಕರಣವೇ ಇಲ್ಲದ ಹಳೆಯ ವಿಮಾನ, ಗ್ಲೈಡರ್, ಹದ್ದು ಇವ್ಯಾವೂ ನಿಮ್ಮ ಸ್ಕ್ರೀನಿಗೆ ಬರೋದಿಲ್ಲ. ಸ್ಕ್ರೀನ್ ಖಾಲಿ ಇದ್ದರೆ ಆಕಾಶ ಖಾಲಿ ಇದೆ ಅಂತಲ್ಲ. ಕಣ್ಣು ಹೊರಗೇ ಇರಬೇಕು.

ಎತ್ತರದ ಬಗ್ಗೆ ಒಂದು ಸೂಕ್ಷ್ಮ ಇದೆ, ಇದನ್ನು ಅರ್ಥ ಮಾಡಿಕೊಂಡರೆ ಬಹಳ ಗೊಂದಲ ತಪ್ಪುತ್ತದೆ. ಟ್ಯಾಬ್ಲೆಟ್ ಎತ್ತರವನ್ನು ಉಪಗ್ರಹದಿಂದ ಲೆಕ್ಕ ಹಾಕುತ್ತದೆ. ಪ್ಯಾನೆಲ್‌ನ ಆಲ್ಟಿಮೀಟರ್ ಗಾಳಿಯ ಒತ್ತಡದಿಂದ ಲೆಕ್ಕ ಹಾಕುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಹಾಗಾಗಿ ಸೆಕೆಗಾಲದಲ್ಲಿ ಆಲ್ಟಿಮೀಟರ್ ತೋರಿಸುವುದಕ್ಕಿಂತ ನೀವು ನಿಜವಾಗಿ ಸ್ವಲ್ಪ ಮೇಲೇ ಇರುತ್ತೀರಿ. ಪೈಲಟ್‌ಗಳ ರೂಢಿಯ ಲೆಕ್ಕದಲ್ಲಿ ಮಾಮೂಲಿಗಿಂತ ಬಿಸಿ ಇರುವ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಎತ್ತರದ ಶೇಕಡ 4. 5,000 ಅಡಿಯಲ್ಲಿ ಮಾಮೂಲಿಗಿಂತ 20 ಡಿಗ್ರಿ ಬಿಸಿ ಇದ್ದರೆ ವ್ಯತ್ಯಾಸ 400 ಅಡಿ ಆಗುತ್ತದೆ. ಟ್ಯಾಬ್ಲೆಟ್ 5,400 ಅನ್ನುತ್ತೆ, ಆಲ್ಟಿಮೀಟರ್ 5,000 ಅನ್ನುತ್ತೆ. ಎರಡೂ ಕೆಟ್ಟಿಲ್ಲ. ಆದರೆ ಕಂಟ್ರೋಲರ್‌ಗಳೂ, ಪಕ್ಕದ ವಿಮಾನದವರೂ, ಚಾರ್ಟಿನ ಆಕಾಶದ ಗಡಿಗಳೂ ನಡೆಯುವುದು ಆಲ್ಟಿಮೀಟರ್ ಲೆಕ್ಕದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇರುವ, ಅನುಮತಿ ಇಲ್ಲದೆ ಒಳಗೆ ಹೋಗಬಾರದ ಕ್ಲಾಸ್ ಬಿ ಆಕಾಶದ ಕೆಳಗೆ ನುಸುಳುವಾಗ ನೋಡಬೇಕಾದದ್ದು ಪ್ಯಾನೆಲನ್ನೇ.

ಟ್ಯಾಬ್ಲೆಟ್ಟನ್ನು ಹಿಂದಿನ ರಾತ್ರಿ ಮನೆಯಲ್ಲೇ ಸಿದ್ಧ ಮಾಡಬೇಕು. ಹೋಗುವ ದಾರಿಯ ಚಾರ್ಟ್‌ಗಳು ಟ್ಯಾಬ್ಲೆಟ್ ಒಳಗೇ ಇಳಿದಿರಬೇಕು, ಯಾಕೆಂದರೆ ಮೇಲೆ ಇಂಟರ್ನೆಟ್ ಇರೋದಿಲ್ಲ, ರಿಸೀವರ್‌ನ ವೈಫೈ ಕೊಡುವುದು ಅದರದ್ದೇ ಮಾಹಿತಿ ಮಾತ್ರ. ಫೋರ್‌ಫ್ಲೈಟ್‌ನಲ್ಲಿ ‘ಪ್ಯಾಕ್’ ಅನ್ನುವ ಬಟನ್ ಇದೆ. ಅದನ್ನು ಒತ್ತಿದರೆ ಆ ದಾರಿಗೆ ಬೇಕಾದ ಚಾರ್ಟ್, ಹವಾಮಾನ, ಸೂಚನೆಗಳು ಎಲ್ಲ ಒಟ್ಟಿಗೆ ಇಳಿಯುತ್ತವೆ. ಆದರೂ ಬೆಳಿಗ್ಗೆ ಹೊರಡುವ ಮೊದಲು ಹವಾಮಾನ ಮತ್ತೊಮ್ಮೆ ಹೊಸದು ಮಾಡಿ. ಎಡಿಎಸ್‌-ಬಿ ಸಿಗ್ನಲ್ ನೇರ ಕಾಣುವಷ್ಟು ದೂರಕ್ಕೆ ಮಾತ್ರ ಬರುವುದರಿಂದ ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ನೆಲದ ಮೇಲೆ ಅದು ಸಿಗೋದೇ ಇಲ್ಲ. ಇಷ್ಟೆಲ್ಲ ಆದ ಮೇಲೆ ಮನೆಯಲ್ಲೇ ಏರ್‌ಪ್ಲೇನ್ ಮೋಡ್ ಹಾಕಿ, ಆ್ಯಪ್ ಮುಚ್ಚಿ ಮತ್ತೆ ತೆರೆದು, ಹೊರಡುವ ಊರಿಂದ ಇಳಿಯುವ ಊರ ತನಕ ನಕ್ಷೆಯನ್ನು ಬೆರಳಿನಿಂದ ಸರಿಸಿ ನೋಡಿ. ನಡುವೆ ಎಲ್ಲಾದರೂ ಖಾಲಿ ಚೌಕ ಕಂಡರೆ ಅಲ್ಲಿನ ಚಾರ್ಟ್ ಇಳಿದಿಲ್ಲ ಅಂತ ಅರ್ಥ.

ಐಪ್ಯಾಡ್ ಸೆಟ್ಟಿಂಗ್‌ನಲ್ಲಿ, ಬಳಸದ ಆ್ಯಪ್‌ಗಳನ್ನು ತಾನೇ ತೆಗೆದುಹಾಕುವ ಒಂದು ಆಯ್ಕೆ ಇದೆ. ಅದನ್ನು ಆಫ್ ಮಾಡಿಡಿ. ಕೆಲವು ವಾರ ಹಾರದೇ ಇದ್ದು, ಜಾಗ ಸಾಲದೆ ಬಂದರೆ ಐಪ್ಯಾಡ್ ಆ್ಯಪನ್ನೇ ಎತ್ತಿಡಬಹುದು, ಮತ್ತೆ ಅದು ಬರಲು ಇಂಟರ್ನೆಟ್ ಬೇಕು. ಹಾರುವ ಹಿಂದಿನ ದಿನ ಐಪ್ಯಾಡ್‌ನ ಸಾಫ್ಟ್‌ವೇರ್ ಅಪ್‌ಡೇಟನ್ನೂ ಮಾಡಬೇಡಿ. 2015ರಲ್ಲಿ ಐಒಎಸ್ 8.3 ಬಂದಾಗ ಹೊರಗಿನ ಬ್ಲೂಟೂತ್ ಜಿಪಿಎಸ್ ಬಳಸುತ್ತಿದ್ದ ಪೈಲಟ್‌ಗಳಿಗೆ ಸಂಪರ್ಕವೇ ಸರಿಯಾಗಿ ಸಿಗದೆ ತೊಂದರೆಯಾಗಿತ್ತು. ಹೊಸದು ಬಂದ ಮೇಲೆ ಆ್ಯಪ್ ಕಂಪನಿಯವರು ಪರೀಕ್ಷೆ ಮಾಡಿ ಹೇಳುವ ತನಕ ಕಾಯಿರಿ.

ಸ್ಯಾಂಟಾ ಕ್ಲಾರಾ ಸುತ್ತ ಹಾರುವವರಿಗೆ ಒಂದು ಸ್ಥಳೀಯ ಮಾತು. ಲೀವೈಸ್ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಪಂದ್ಯ ಇರುವಾಗ ಒಂದು ಗಂಟೆ ಮೊದಲಿನಿಂದ ಮುಗಿದ ಒಂದು ಗಂಟೆ ತನಕ ಸುತ್ತ 3 ನಾಟಿಕಲ್ ಮೈಲಿ, ನೆಲದಿಂದ 3,000 ಅಡಿ ತನಕ ಅನುಮತಿ ಇಲ್ಲದೆ ಹೋಗುವಂತಿಲ್ಲ. ಎಫ್‌ಎಎ ಸೂಚನೆಯಲ್ಲಿ ಪ್ರತಿ ಪಂದ್ಯದ ಸಮಯ ಇರುವುದಿಲ್ಲ, ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಆ್ಯಪಿಗೂ ಮೊದಲೇ ಗೊತ್ತಿರೋದಿಲ್ಲ. ಆ ದಿನ ಅನುಮಾನ ಬಂದರೆ ಕಂಟ್ರೋಲರ್‌ನ ಕೇಳಿಬಿಡಿ.

ಆ್ಯಪ್ ಕೈಗೆ ಒಗ್ಗುವ ತನಕ ನೆಲದ ಮೇಲೆ ಅಭ್ಯಾಸ ಮಾಡಿ. ಅಡುಗೆಮನೆ ಟೇಬಲ್ ಮೇಲೆ ಕೂತು ಪಾಲೊ ಆಲ್ಟೊದಿಂದ ವಾಟ್ಸನ್‌ವಿಲ್‌ಗೆ ಒಂದು ದಾರಿ ಹಾಕಿ, ನಡುವೆ ಮನಸ್ಸು ಬದಲಾಯಿಸಿ ಸ್ಯಾನ್ ಮಾರ್ಟಿನ್‌ಗೆ ತಿರುಗಿಸಿ, ಅಲ್ಲಿನ ರನ್‌ವೇ ಉದ್ದ, ಫ್ರೀಕ್ವೆನ್ಸಿ, ಎಷ್ಟು ಎತ್ತರದಲ್ಲಿ ಸುತ್ತಬೇಕು ಅನ್ನುವುದನ್ನು ಹುಡುಕಿ. ಒಂದು ಕೈ ಯೋಕ್ ಮೇಲಿದೆ ಅಂದುಕೊಂಡು ಒಂದೇ ಕೈಯಲ್ಲಿ ಮಾಡಿ. ಸ್ಕ್ರೀನಿನ ತುಂಬ ಲೇಯರ್‌ಗಳನ್ನು ಹಾಕಿಕೊಳ್ಳಬೇಡಿ. ಚಾರ್ಟ್, ನಿಮ್ಮ ದಾರಿ, ಬೇರೆ ವಿಮಾನಗಳು, ಮುಚ್ಚಿದ ಆಕಾಶ, ಇಷ್ಟಿದ್ದರೆ ಸಾಕು.

ಅದರ ಜೊತೆಗೆ ಟ್ಯಾಬ್ಲೆಟ್ ಇಲ್ಲದೆಯೂ ಹಾರಲು ಬರಬೇಕು. ಒಳ್ಳೆಯ ಇನ್‌ಸ್ಟ್ರಕ್ಟರ್ ಹಾರುವಾಗ ಹೇಳದೆ ಕೇಳದೆ ಟ್ಯಾಬ್ಲೆಟ್ ಮಗುಚಿ ಹಾಕುತ್ತಾರೆ, ಲೈಸೆನ್ಸ್ ಪರೀಕ್ಷೆಯಲ್ಲಿ ಎಕ್ಸಾಮಿನರ್ ಕೂಡ ‘ಇದು ಕೆಟ್ಟಿದೆ ಅಂದುಕೊಳ್ಳಿ’ ಅನ್ನಬಹುದು. ಆಗ ಕಿಟಕಿಯಿಂದ ಹೈವೇ, ಜಲಾಶಯ, ಬೆಟ್ಟದ ಸಾಲು ನೋಡಿ ಜಾಗ ಹೇಳಬೇಕು. ಜಿಪಿಎಸ್ಸೇ ಇಲ್ಲದ ದಿನಗಳೂ ಬರುತ್ತವೆ. ಪಶ್ಚಿಮ ಅಮೆರಿಕದಲ್ಲಿ ಸೇನೆಯವರು ಜಿಪಿಎಸ್ ಸಿಗ್ನಲ್ ಕೆಡಿಸುವ ಪ್ರಯೋಗ ಮಾಡುವಾಗ ಎಫ್‌ಎಎ ಮುಂಚಿತವಾಗಿ ಸೂಚನೆ ಕೊಡುತ್ತದೆ. ಜೇಬಿನ ಫೋನಿನಲ್ಲೂ ಅದೇ ಆ್ಯಪ್, ಅದೇ ಚಾರ್ಟ್ ಇಳಿಸಿಡಿ. ಸಾಮಾನ್ಯವಾಗಿ ಒಂದೇ ಚಂದಾದಲ್ಲಿ ಫೋನಿಗೂ ಸಿಗುತ್ತದೆ. ಒಂದು ಕಾಗದದ ಸೆಕ್ಷನಲ್ ಸೀಟಿನ ಹಿಂದಿನ ಜೇಬಿನಲ್ಲಿರಲಿ. ಅದಕ್ಕೆ ಬ್ಯಾಟರಿ ಬೇಕಿಲ್ಲ, ಸೆಕೆಯೂ ತಾಗೋದಿಲ್ಲ.

ಇಲ್ಲಿ ತರಬೇತಿ ಮುಗಿಸಿ ಊರಿಗೆ ವಾಪಸ್ ಹೋಗುವವರು, ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಂಥ ಕಡೆ ಹಾರುವವರು ಒಂದು ಗಮನಿಸಿ. ರಿಸೀವರ್ ಪೆಟ್ಟಿಗೆಗೆ ಅಮೆರಿಕದಲ್ಲಿ ಸಿಗುವ ಉಚಿತ ಹವಾಮಾನದ ಬಿತ್ತರಣೆ ಭಾರತದಲ್ಲಿ ಇಲ್ಲ. ಎಫ್‌ಎಎ ಚಾರ್ಟ್‌ಗಳೂ ಅಲ್ಲಿಗೆ ಲೆಕ್ಕಕ್ಕಿಲ್ಲ. ಆ್ಯಪಿನಲ್ಲಿ ಭಾರತದ ಯಾವ ಮಾಹಿತಿ ಇದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕಾ, ನಿಮ್ಮ ಶಾಲೆ ಟ್ಯಾಬ್ಲೆಟ್ ಬಳಸಲು ಬಿಡುತ್ತದೆಯಾ ಅಂತ ಮೊದಲು ಕೇಳಿ, ಆಮೇಲೆ ದುಡ್ಡು ಹಾಕಿ.

ಕೊನೆಗೆ, ಯಾವಾಗ ಏನು ಕೊಳ್ಳಬೇಕು ಅಂತ. ಮೊದಲ ಕೆಲವು ಪಾಠಗಳಿಗೆ ಏನೂ ಬೇಡ, ಆಗ ಕಲಿಯಬೇಕಾದ್ದು ಕಿಟಕಿಯ ಹೊರಗೆ ನೋಡಿ ವಿಮಾನವನ್ನು ನೇರ ಇಡುವುದು. ಒಬ್ಬರೇ ದೂರ ಹಾರುವ ಪಾಠಗಳು ಹತ್ತಿರ ಬಂದಾಗ ಸೆಲ್ಯುಲರ್ ಐಪ್ಯಾಡ್ ಮಿನಿ, ತೊಡೆಗೆ ಕಟ್ಟುವ ಸಾದಾ ನೀಬೋರ್ಡ್, ಆ್ಯಪಿನ ಕೆಳಗಿನ ಹಂತದ ಚಂದಾ ತಗೊಳ್ಳಿ. ಆಂಡ್ರಾಯ್ಡ್ ಇರುವವರು ಮೊದಲು ಅವೇರ್ ಹಾಕಿ ನೋಡಲಿ, ಸಾಲದಿದ್ದರೆ ಗಾರ್ಮಿನ್ ಪೈಲಟ್. ರಿಸೀವರ್ ಲೈಸೆನ್ಸ್ ಬಂದ ಮೇಲೆ ಕೊಂಡರೂ ನಡೆಯುತ್ತೆ. ಎಷ್ಟೋ ಬಾಡಿಗೆ ವಿಮಾನಗಳ ಪ್ಯಾನೆಲ್‌ನಲ್ಲೇ ಎಡಿಎಸ್‌-ಬಿ ಹವಾಮಾನ ಹಿಡಿದು ಟ್ಯಾಬ್ಲೆಟ್‌ಗೆ ಕಳಿಸುವ ಉಪಕರಣ ಇರುತ್ತದೆ. ನಿಮ್ಮ ಫ್ಲೈಯಿಂಗ್ ಕ್ಲಬ್‌ನಲ್ಲಿ ಒಮ್ಮೆ ವಿಚಾರಿಸಿ, ಆ ದುಡ್ಡು ಇನ್ನೊಂದೆರಡು ಗಂಟೆ ಹಾರಾಟಕ್ಕೆ ಆಗುತ್ತದೆ.